ಬೆಂಗಳೂರಿನಲ್ಲಿ ಐಟಿ

ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಮಾತಿಗೆ ಬರವಿಲ್ಲ. ಸುಲಿಯುವ ಮೆಷಿನ್ ಬಂದ ಮೇಲೂ ಅದರ ಗದ್ದಲವನ್ನು ಮೀರಿಸಿ ಮಾತಾಡುವ ಕಲೆಯನ್ನು ಹೆಂಗಸರು ರೂಢಿಸಿಕೊಂಡಿದ್ದಾರೆ. ಚಪ್ಪರದ ಕೆಳಗೆ ಕೂತ ಯಾರೋ ಒಬ್ಬರು ಕೇಳುತ್ತಾರೆ: "ನಿಮ್ ಹುಡುಗ ಈಗ ಎಲ್ಲಿದಾನಕ್ಕ?"

"ಬೆಂಗ್ಳೂರಾಗೆ. ಐಟಿ."

ಚಪ್ಪರದಲ್ಲಿ ಅರೆಗಳಿಗೆ ಮೌನ. ಮೆಷಿನ್ ಕೂಡ ಮರ್ಯಾದೆಗೆ ನಿಂತಂತೆ. ಹೆಣ್ಣು ಹೆತ್ತವರು ಮನಸ್ಸಿನಲ್ಲೇ ಜಾತಕ ತೆರೆಯುತ್ತಾರೆ.

ತಾಯಿ ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಹುಡುಗ ಒಂದು ಸೆಮಿಸ್ಟರ್ ಪೂರ್ತಿ ಸ್ಟಾರ್ ಹೋಟೆಲಿನಲ್ಲಿ ಕೆಲಸ ಕಲಿಯಲೇಬೇಕು. ಅವನನ್ನು ಅಲ್ಲಿ ಇಂಡಸ್ಟ್ರಿಯಲ್ ಟ್ರೈನಿ ಎನ್ನುತ್ತಾರೆ. ಅಷ್ಟುದ್ದ ಕರೆಯಲು ಬಿಸಿ ಅಡುಗೆಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲವಾದ್ದರಿಂದ ಬರೀ 'ಐಟಿ'. "ಈರುಳ್ಳಿ ಲೋಡ್ ಬಂದಿದೆ, ಇಬ್ಬರು ಐಟಿ ಕಳಿಸಿ" ಎಂದು ಫೋನು ಬರುತ್ತದೆ; ಇಬ್ಬರು ಐಟಿ ಹೋಗುತ್ತಾರೆ. ಈ ಎರಡಕ್ಷರದ ಪೂರ್ತಿ ಅರ್ಥವನ್ನು ಊರಿನವರಿಗೆ ಬಿಡಿಸಿ ಹೇಳುವ ಹೊಣೆ ತನ್ನದೆಂದು ಹುಡುಗನಿಗೆ ಎಂದೂ ಅನ್ನಿಸಿಲ್ಲ. ಕೇಳದವರಿಗೆ ಹೇಳುವುದು ಸರ್ವಿಸ್ ಅಲ್ಲ ಎಂದು ಅವನಿಗೆ ಕಲಿಸಿದ್ದಾರೆ.

ಇವನು ಒಬ್ಬನಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ದಾವಣಗೆರೆ ಜಿಲ್ಲೆಯ ಯಾವ ಮೂಲೆಯಲ್ಲಿ ಕಲ್ಲು ಹೊಡೆದರೂ ಒಂದಲ್ಲ ಒಂದು ಟ್ರೈನಿಗೆ ತಾಗುವ ಕಾಲ ಇದು. ಗುರುತಿಸುವುದು ಕಷ್ಟವಲ್ಲ. ರಾತ್ರಿ ಬಸ್ಸಿನಲ್ಲಿ ಬೆಳಗಿನ ಜಾವ ಬಂದಿಳಿಯುತ್ತಾನೆ. ಕಾಲಿಗೆ ಮುಖ ನೋಡಿಕೊಳ್ಳುವಷ್ಟು ಮಿರುಗುವ ಕರಿ ಶೂ. ಕೈಯ ಬೆರಳಿಗೆ ಬ್ಯಾಂಡೇಜು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮೂತಿಯ ಮೇಲೆ ಒಂದೇ ಒಂದು ಕೂದಲಿಲ್ಲ.

ಮೀಸೆಯ ವಿಚಾರ ಸಣ್ಣದಲ್ಲ. 2018ರಲ್ಲಿ 'ಕೆಜಿಎಫ್' ಬಂದ ಮೇಲೆ ಈ ಕಡೆಯ ಹುಡುಗರು ಗಡ್ಡವನ್ನು ತೋಟಕ್ಕಿಂತ ಚೆನ್ನಾಗಿ ನೋಡಿಕೊಂಡವರು. ಹೋಟೆಲಿನ ಬಾಗಿಲಲ್ಲಿ ಮೊದಲ ದಿನವೇ ಗ್ರೂಮಿಂಗ್ ಪರೀಕ್ಷೆ: ಉಗುರು ತೋರಿಸು, ಕಾಲುಚೀಲದ ಬಣ್ಣ ತೋರಿಸು, ಕೆನ್ನೆ ತೋರಿಸು. ಮೂರು ವರ್ಷದ ಬೆಳೆ ಮೂರು ನಿಮಿಷಕ್ಕೆ ಕಟಾವು. ಗಡ್ಡದ ಜೊತೆಗೆ ಎರಡೂ ಕಡೆ ಸಮ ಮಾಡಲು ಹೋಗಿ ಮೀಸೆಯೂ ಹೋಯಿತು. ಊರಿನಲ್ಲಿ ಮೀಸೆ ತೆಗೆಸಿದ್ದಾರೆ ಎಂದರೆ ಮನೆಯಲ್ಲಿ ಯಾರೋ ತೀರಿಕೊಂಡರೆಂದೇ ಲೆಕ್ಕ. ಹುಡುಗ ಬಸ್ಸಿಳಿದು ಬರುವುದನ್ನು ಕಟ್ಟೆಯ ಮೇಲಿಂದ ನೋಡಿದ ಹಿರಿಯರೊಬ್ಬರು ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡು, "ಯಾವಾಗಪ್ಪಾ? ಮೊನ್ನೆ ತೋಟದಾಗೆ ಚೆನ್ನಾಗೇ ಮಾತಾಡಿಸಿದ್ರಲ್ಲ ನಿಮ್ಮಪ್ಪ!" ಎಂದರು.

ಅವನ ಡಿಗ್ರಿಯ ಹೆಸರೂ ಕಡಿಮೆ ಗೊಂದಲದ್ದಲ್ಲ. ಬಿಎಚ್‌ಎಂ, ಅಂದರೆ ಬ್ಯಾಚುಲರ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್. ಹೋಮಿಯೋಪಥಿ ಡಾಕ್ಟರ ಬೋರ್ಡಿನಲ್ಲಿರುವುದು ಬಿಎಚ್‌ಎಂಎಸ್. ನಡುವೆ ಇರುವುದು ಒಂದೇ ಅಕ್ಷರ. ಹೊನ್ನಾಳಿಯ ಸೋದರತ್ತೆ ಎರಡು ವರ್ಷದಿಂದ ಅವನಿಗೆ ಮಂಡಿನೋವು ವಿವರಿಸುತ್ತಿದ್ದಾರೆ. ಮೊದಮೊದಲು ತಿದ್ದಲು ನೋಡಿದ. ಈಗ "ಬಿಸಿನೀರಿನ ಶಾಖ ಕೊಡ್ರಿ ಅತ್ತೆ, ಖಾರ ಕಡಿಮೆ ಮಾಡ್ರಿ" ಎಂದು ಹೇಳಿ ಮುಗಿಸುತ್ತಾನೆ. ನೋವು ಕಡಿಮೆಯಾಗಿದೆಯಂತೆ.

ಹೋಟೆಲಿನೊಳಗೆ ಅವನ ಬದುಕು ನಾಲ್ಕು ಪಾಲು. ಅಡುಗೆಮನೆ, ಅದಕ್ಕೆ ಫುಡ್ ಪ್ರೊಡಕ್ಷನ್ ಎನ್ನಬೇಕು, ಬಡಿಸುವುದು, ಕೋಣೆ ಚೊಕ್ಕಟ ಮಾಡುವ ಹೌಸ್‌ಕೀಪಿಂಗ್, ಮುಂಬಾಗಿಲ ಫ್ರಂಟ್ ಆಫೀಸ್. ಕೆಲವು ವಾರಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಾರೆ. ನಮ್ಮ ತಾಲ್ಲೂಕುಗಳಿಗೆ ಇದು ಹೊಸದೇನಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರಲ್ಲಿ ಮೂರೂ ಕೂತಲ್ಲಿಂದ ಕದಲದೆ ದಾವಣಗೆರೆಗೆ ವರ್ಗವಾದವು. ಆಮೇಲೆ ನ್ಯಾಮತಿ ಹೊನ್ನಾಳಿಯ ಕೈಬಿಡಿಸಿಕೊಂಡು ತಾನೇ ತಾಲ್ಲೂಕಾಯಿತು. ಆದರೆ ಊರಿಗೆ ವರ್ಗವಾದರೆ ಬೋರ್ಡು ಮಾತ್ರ ಬದಲು. ಟ್ರೈನಿಗೆ ಬೈಯುವವರು ಬದಲು.

ಜಗಳೂರಿನವನ ಕಥೆ ಇಲ್ಲೇ ಹೇಳಬೇಕು. ಅಡುಗೆಮನೆಯಲ್ಲಿ ಮೊದಲ ವಾರ ಅವನಿಗೆ ಕೊಟ್ಟದ್ದು ಈರುಳ್ಳಿ. ಹುಟ್ಟಿದಾಗಿನಿಂದ ಅವನು ಕಂಡದ್ದೇ ಈರುಳ್ಳಿ, ಶೇಂಗಾ, ಮೆಕ್ಕೆಜೋಳ. ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹೊಲದಲ್ಲೇ ಬಿಟ್ಟು ಟ್ರ್ಯಾಕ್ಟರ್ ಹೊಡೆಸಿದ ಮನೆಯವನು. ಬೆಂಗಳೂರಿಗೆ ಬಂದು ಇದರಿಂದ ತಪ್ಪಿಸಿಕೊಂಡೆ ಅಂದುಕೊಂಡಿದ್ದ. ಮೂಟೆ ಬಿಚ್ಚಿದರೆ ಅದೇ ಕೆಂಪು ಮುಖ. ಹೆಚ್ಚುವುದಕ್ಕೂ ಅಲ್ಲಿ ಫ್ರೆಂಚ್ ಹೆಸರುಗಳಿವೆ: ಕಡ್ಡಿ ಹಾಗೆ ಹೆಚ್ಚಿದರೆ ಜೂಲಿಯೆನ್, ಅದನ್ನೇ ಅಡ್ಡಕ್ಕೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ ತುಂಡರಿಸಿದರೆ ಬ್ರುನ್ವಾಸ್. ಕಣ್ಣೀರಿಗೆ ಮಾತ್ರ ಫ್ರೆಂಚ್ ಹೆಸರು ಯಾರೂ ಹೇಳಿಕೊಡಲಿಲ್ಲ. ಮೂರನೇ ದಿನ ಮೆನು ಕಾರ್ಡು ಕಣ್ಣಿಗೆ ಬಿತ್ತು. ಫ್ರೆಂಚ್ ಆನಿಯನ್ ಸೂಪು, ಒಂದು ಬಟ್ಟಲು. ಬೆಲೆ ನೋಡಿದ. ಬಟ್ಟಲಿಗೆ ಎರಡು ಈರುಳ್ಳಿ ಹಿಡಿಯುತ್ತವೆ ಎಂದು ಅವನಿಗೆ ಗೊತ್ತಿತ್ತು, ಹೆಚ್ಚಿದವನೇ ಅವನು. ಮನಸ್ಸಿನಲ್ಲೇ ಅಪ್ಪನ ಹೊಲದ ಇಳುವರಿಯನ್ನು ಬಟ್ಟಲಿಗೆ ಪರಿವರ್ತಿಸಿ ಗುಣಿಸತೊಡಗಿದ. ಉತ್ತರ ಬರುವ ಮೊದಲೇ ಬೆರಳು ಕೊಯ್ದುಕೊಂಡ.

ಹೌಸ್‌ಕೀಪಿಂಗ್‌ಗೆ ಹೋದಾಗ ಇನ್ನೊಂದು ಲೆಕ್ಕ. ಸ್ಟಾರ್ ಹೋಟೆಲಿನಲ್ಲಿ ಒಬ್ಬ ರೂಮ್ ಅಟೆಂಡೆಂಟ್ ಒಂದು ಪಾಳಿಯಲ್ಲಿ ಹದಿನಾಲ್ಕೋ ಹದಿನಾರೋ ಕೋಣೆ ಮುಗಿಸಬೇಕು; ಟ್ರೈನಿ ಅವನ ಹಿಂದೆ ಟ್ರಾಲಿ ತಳ್ಳಬೇಕು. ಕೋಣೆಗೊಂದು ಬಾತ್‌ಟಬ್. ಸುಮಾರು ನೂರೈವತ್ತು ಲೀಟರ್ ಎಂದರೂ ಹತ್ತು-ಹನ್ನೆರಡು ಕೊಡ. ಜಗಳೂರಿನ ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡದ ಸಾಲು ಹಿಡಿದು ಬೆಳೆದವನಿಗೆ, ಒಬ್ಬ ಗೆಸ್ಟ್ ಮಲಗಿ ಎದ್ದ ನೀರಿನ ಪ್ಲಗ್ ಎಳೆಯುವುದು ಕೈಬರುವ ಕೆಲಸವಲ್ಲ. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯ ಬಗ್ಗೆ ಅವನೂ ಭಾಷಣ ಕೇಳಿದ್ದ. ಪ್ಲಗ್ ಎಳೆದು, ನೀರು ಗುಳುಗುಳು ಎಂದು ಸುತ್ತಿ ಇಳಿಯುವುದನ್ನು ಪೂರ್ತಿ ನೋಡುತ್ತ ನಿಂತ. "ಏನ್ ನೋಡ್ತಿದ್ದೀಯಾ?" ಎಂದು ಸೂಪರ್‌ವೈಸರ್ ಕೇಳಿದರೆ "ಐವತ್ತೆಂಟನೇದು ಸರ್" ಎಂದನಂತೆ. ಅವರಿಗೆ ಅರ್ಥವಾಗಲಿಲ್ಲ.

ಪ್ರತಿ ರಾತ್ರಿ ಲಾಗ್‌ಬುಕ್ ಬರೆಯಬೇಕು: ಇಂದು ಏನು ಕಲಿತೆ? ಮೊದಲ ವಾರದ ಪುಟಗಳಲ್ಲಿ ಸತ್ಯ ಇರುತ್ತದೆ. "ಬೆಳಿಗ್ಗೆ ಈರುಳ್ಳಿ. ಮಧ್ಯಾಹ್ನ ಬೆಳ್ಳುಳ್ಳಿ. ರಾತ್ರಿ ಚಮಚ ಒರೆಸಿದೆ." ಬಿಸಿನೀರಿಗೆ ವಿನೆಗರ್ ಹಾಕಿ ಚಮಚ, ಫೋರ್ಕುಗಳನ್ನು ಒಂದೊಂದಾಗಿ ಹೊಳಪು ಬರುವ ತನಕ ಒರೆಸುವುದಕ್ಕೆ ಅಲ್ಲಿ ವೈಪಿಂಗ್ ಎನ್ನುತ್ತಾರೆ, ಔತಣದ ರಾತ್ರಿ ಅದು ಸಾವಿರಗಟ್ಟಲೆ. ಎರಡನೇ ವಾರಕ್ಕೆ ಸೀನಿಯರ್ ಒಬ್ಬ ತನ್ನ ಹಳೆಯ ಲಾಗ್‌ಬುಕ್ ಎರವಲು ಕೊಡುತ್ತಾನೆ. ಅಲ್ಲಿಂದ ಮುಂದೆ ಚಮಚ ಮಾಯವಾಗಿ "ತಂಡದಲ್ಲಿ ದುಡಿಯುವ ಮಹತ್ವ ಕಲಿತೆ" ಕಾಣಿಸಿಕೊಳ್ಳುತ್ತದೆ. ಕಾಲೇಜಿನವರು ಸಹಿ ಹಾಕುವುದು ಎರಡನೆಯ ಬಗೆಯ ಪುಟಗಳಿಗೆ. ಈ ಕಲಿಕೆಯಲ್ಲಿ ಅರ್ಧ ಅಗ್ಗದ ಕೂಲಿ ಎನ್ನುವ ದೂರು ಹೋಟೆಲ್ ಜಗತ್ತಿನಲ್ಲಿ ಹಳೆಯದು. ಸುಳ್ಳೆನ್ನಲು ಬಾರದು. ನಾಲ್ಕು ತಿಂಗಳು ಒಂದೇ ಮೂಲೆಯಲ್ಲಿ ತಟ್ಟೆ ಒರೆಸಿ ಬಂದವನಿಗೆ ನಾಲ್ಕೂ ವಿಭಾಗದ ಸರ್ಟಿಫಿಕೇಟ್ ಸಿಕ್ಕ ಉದಾಹರಣೆಗಳನ್ನು ಯಾವ ಟ್ರೈನಿಯಾದರೂ ಕೊಡುತ್ತಾನೆ.

ಆದರೆ ತಟ್ಟೆ ಒರೆಸದೆ ಯಾರೂ ಮೇಲೆ ಬಂದ ಹಾಗಿಲ್ಲ. ದೊಡ್ಡ ಹೋಟೆಲ್‌ಗಳ ಅಡುಗೆಮನೆಗೆ ಇವತ್ತಿನ ಶಿಸ್ತು ತಂದ ಫ್ರಾನ್ಸಿನ ಆಗಸ್ಟ್ ಎಸ್ಕೋಫಿಯೆ 13ನೇ ವಯಸ್ಸಿಗೇ ನೀಸ್ ಪಟ್ಟಣದಲ್ಲಿ ನೆಂಟರ ಹೋಟೆಲು ಸೇರಿದವನು. ಆಳು ಗಿಡ್ಡ, ಒಲೆಯ ಝಳ ಮುಖಕ್ಕೆ ರಾಚದಿರಲೆಂದು ಎತ್ತರದ ಹಿಮ್ಮಡಿಯ ಬೂಟು ಹಾಕುತ್ತಿದ್ದ. ನಮ್ಮ ಕರಾವಳಿಯ ಹುಡುಗರು ಮುಂಬಯಿಗೆ ಓಡಿಹೋಗಿ ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಲಾಗ್‌ಬುಕ್ ಇರಲಿಲ್ಲ ಅಷ್ಟೇ. 1924ರಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು ಹೋಟೆಲು ಹೆಸರು ಮಾಡಿದ ಎಷ್ಟೋ ವರ್ಷದ ಮೇಲೆ, 1951ರಲ್ಲಿ, ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿಕೊಂಡು ಬಂದು ಇಲ್ಲಿ ಜಾರಿಗೆ ತಂದರು. ಮಾಲೀಕರೇ ಟ್ರೈನಿಯಾದ ಅಪರೂಪದ ಸಂಗತಿ ಅದು.

ನಮ್ಮ ಚನ್ನಗಿರಿಯ ಹುಡುಗನೂ ಕಂಡದ್ದನ್ನು ಜಾರಿಗೆ ತರುವವನೇ. ತೊಂದರೆಯೆಂದರೆ, ಮನೆಯಲ್ಲಿ ತರುತ್ತಾನೆ.

ರಜೆಗೆ ಬಂದ ಮೊದಲ ರಾತ್ರಿ ಅಜ್ಜಿಯ ಹಾಸಿಗೆ ತಾನೇ ಹಾಸಿದ. ಮೇಲುಹಾಸನ್ನು ಕಾಲಕಡೆ ಮೂಲೆಗೆ ಮಡಿಸಿ, ಗಾದಿಯ ಕೆಳಗೆ ಬಿಗಿಯಾಗಿ ತುರುಕಿ, ನಾಣ್ಯ ಹಾಕಿದರೆ ಪುಟಿಯಬೇಕು, ಹಾಗೆ. ದಿಂಬಿನ ಮೇಲೆ ಚಾಕಲೇಟು ಇಡುವುದು ಪದ್ಧತಿ. ಮನೆಯಲ್ಲಿ ಇರದ ಕಾರಣ ಒಂದು ಬೆಲ್ಲದಚ್ಚಿನ ಚೂರು ಇಟ್ಟ. ಅಜ್ಜಿ ಕಾಲು ತೂರಿಸಲು ನೋಡಿದರು, ಆಗಲಿಲ್ಲ. ಪಕ್ಕದಿಂದ ತೂರಿಕೊಂಡರು, ಹೊರಗೆ ಬರಲಾಗಲಿಲ್ಲ. ಕತ್ತಲಲ್ಲಿ ಕೂಗು ಕೇಳಿತು: "ಲೇ, ನನ್ನೇನ್ ಲಕೋಟೆಗೆ ಹಾಕಿದ್ಯಾ? ಅಂಚೆಗೆ ಹಾಕ್ಬ್ಯಾಡ್ರೋ, ಇನ್ನೂ ಜೀವ ಐತಿ!" ಬಿಡಿಸಲು ಹೋದವರಿಗೆ ದಿಂಬಿನ ತುಂಬ ಇರುವೆ ಕಂಡವು.

ಎರಡನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತಡಿ-ಐದಡಿ ನಿಯಮ. ಹೋಟೆಲಿನ ಪಾಠ ಇದು: ಎದುರಿಗೆ ಬರುವವರು ಹತ್ತಡಿ ದೂರವಿದ್ದಾಗ ಕಣ್ಣಿಗೆ ಕಣ್ಣು ಕೊಟ್ಟು ನಗಬೇಕು, ಐದಡಿಗೆ ಬಂದಾಗ ನಮಸ್ಕಾರ ಹೇಳಬೇಕು. ಚನ್ನಗಿರಿಯಲ್ಲಿ ಕಾರಣವಿಲ್ಲದೆ ನಗುವುದು ಚುನಾವಣೆಗೆ ನಿಂತವರು ಮಾತ್ರ. ಫಸಲನ್ನು ಗುತ್ತಿಗೆ ಹಿಡಿಯುವ ಒಬ್ಬ ಚೇಣಿದಾರ ಇವನ ನಗೆ ನೋಡಿ, ತೋಟ ಚೇಣಿಗೆ ಕೊಡುವ ಮನಸ್ಸಿರಬೇಕೆಂದು ಸಂಜೆ ಮನೆಗೇ ಬಂದ. ಇನ್ನೊಬ್ಬರು ಮಗಳನ್ನು ಕಾಲೇಜಿಗೆ ಬಿಡಲು ಬಂದಿದ್ದವರು. ಅವರು ಮನೆಗೆ ಬಂದ ಕಾರಣ ಬೇರೆ.

ಹೊನ್ನಾಳಿಯ ಒಂದು ಮದುವೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾದ್ದು. ಅತ್ತೆಯ ಮಗಳ ಮದುವೆ, ಕಲ್ಯಾಣ ಮಂಟಪ, ಸಾವಿರ ಎಲೆ. ಹೋಟೆಲಿನಲ್ಲಿ ಊಟಕ್ಕೆ ಬರುವವರನ್ನು ಪ್ಯಾಕ್ಸ್ ಎಂದು ಎಣಿಸುತ್ತಾರೆ, ಇಲ್ಲವೇ ಕವರ್ ಎನ್ನುತ್ತಾರೆ, ಇಲ್ಲಿ ಎಲೆ. ಇನ್ನೂರು ಪ್ಯಾಕ್ಸ್ ಎಂದರೆ ಅಲ್ಲಿ ಮೂರು ಮೀಟಿಂಗು. ಇಲ್ಲಿ ಸಾವಿರ ಎಲೆಗೆ ಮುಖ್ಯ ಅಡುಗೆಯವರು ಹಿಂದಿನ ರಾತ್ರಿ ಎಲೆಅಡಿಕೆ ಹಾಕಿಕೊಂಡು ಒಂದು ಸಲ ಛಾವಣಿ ನೋಡಿದರು, ಬೇಳೆ ಇಷ್ಟು, ಬೆಲ್ಲ ಇಷ್ಟು ಎಂದರು, ಮುಗಿಯಿತು. ಹುಡುಗ ಪಕ್ಕಕ್ಕೆ ಹೋಗಿ "ರೆಸಿಪಿ ಕಾರ್ಡ್ ಎಲ್ಲೈತಿ?" ಎಂದು ಕೇಳಿದ. ಅವರು ತಲೆಯ ಮೇಲಿನ ಟವೆಲ್ ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. ಅದೇ ಉತ್ತರ.

ಬಡಿಸಲು ನಿಂತಾಗ ಅವನು ಸೋದರಮಾವನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಐದು ನಿಮಿಷ ಬ್ರೀಫಿಂಗ್ ಕೊಟ್ಟ. ಗೆಸ್ಟಿನ ಎಡಗಡೆಯಿಂದ ಬಡಿಸಬೇಕು, ಬಲಗಡೆಯಿಂದ ತೆಗೆಯಬೇಕು, ಹೆಬ್ಬೆರಳು ಪಾತ್ರೆಯೊಳಗೆ ಹೋಗಬಾರದು. ಮಂಟಪದ ಊಟದ ಮನೆಯಲ್ಲಿ ಜನ ಗೋಡೆಗೆ ಬೆನ್ನು ಕೊಟ್ಟು, ಮೊಣಕೈಗೆ ಮೊಣಕೈ ತಾಗಿಸಿ ಕೂತಿರುತ್ತಾರೆ. ಎಡಗಡೆ ಎಂಬುದು ಪಕ್ಕದವರ ಬಲಗಡೆ. ಆದರೂ ಬಿಡದೆ ಒಬ್ಬ ನೆಂಟರ ಎಡ ಭುಜದ ಸಂದಿಯಲ್ಲಿ ಬಕೆಟ್ ಸಮೇತ ತೂರಲು ನೋಡಿದ. "ಯಾಕಪ್ಪಾ, ಕಿವಿಗೆ ಬಡಿಸ್ತೀಯಾ?" ಎಂದರು ಅವರು. ಹಿಂದಿನಿಂದ ಅಡುಗೆಯವರ ದನಿ: "ಎಡ ಬಲ ಆಮ್ಯಾಲೆ ನೋಡಿಯಂತೆ, ಮೊದ್ಲು ಉಪ್ಪು ಹಾಕಪ್ಪ. ಉಪ್ಪಿಲ್ದೆ ಎಲೆ ಶುರು ಆಗಲ್ಲ."

ಅವರೇನೂ ಸುಮ್ಮನೆ ಹೇಳಿದ್ದಲ್ಲ. ಎಲೆಯ ತುದಿ ಉಣ್ಣುವವರ ಎಡಕ್ಕೆ, ಉಪ್ಪು ಉಪ್ಪಿನಕಾಯಿ ಮೇಲೆ, ಕೋಸಂಬರಿ ಪಲ್ಯ ಅದರ ಪಕ್ಕ, ಅನ್ನ ಕೆಳಗೆ ನಡುವೆ. ಯಾವುದಕ್ಕೆ ಎಲ್ಲಿ ಜಾಗ ಎಂದು ಬಡಿಸುವವನ ಕೈಗೆ ಗೊತ್ತು, ಉಣ್ಣುವವನ ಕೈಗೂ ಗೊತ್ತು. ಫೋರ್ಕು ಎಡಕ್ಕೆ, ಚಾಕು ಬಲಕ್ಕೆ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಎರಡು ಅಂಕ ಕಳೆದುಕೊಂಡಿದ್ದ ಹುಡುಗ ಒಂದು ಕ್ಷಣ ಬಕೆಟ್ ಹಿಡಿದು ಎಲೆಯನ್ನೇ ನೋಡುತ್ತ ನಿಂತ. ಆ ಕ್ಷಣದಲ್ಲಿ ಅವನ ಮುಂದಿನ ನಾಲ್ಕು ಎಲೆಗೆ ಸಾರು ಬರಲಿಲ್ಲ.

ಮದುವೆ ಮನೆಯಲ್ಲಿ ಬಡಿಸುವ ಹುಡುಗರ ಒಂದು ಗುಣವಿದೆ. ಮೊದಲ ಪಂಕ್ತಿಗೆ ಇಪ್ಪತ್ತು ಜನ, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಎಲ್ಲರೂ ಫೋಟೊ ತೆಗೆಸಿಕೊಳ್ಳಲು ಹೋಗಿರುತ್ತಾರೆ. ಉಳಿದವನು ಇವನೊಬ್ಬ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಮೂರಕ್ಕೆ ಬಿಟ್ಟು ಮತ್ತೆ ರಾತ್ರಿ ಏಳರಿಂದ ಹನ್ನೊಂದರ ತನಕ ನಿಲ್ಲಿಸುವ ಬ್ರೇಕ್ ಶಿಫ್ಟಿನಲ್ಲಿ ಪಳಗಿದ ಕಾಲು. ನಾಲ್ಕು ಗಂಟೆಯ ತನಕ ಕೂರಲೇ ಇಲ್ಲ. ಅನ್ನ ಬಡಿಸಿದ, ಸಾರು ಹುಯ್ದ, ಲೋಟ ಎತ್ತಿದ, ಚೆಲ್ಲಿದ್ದು ಒರೆಸಿದ, ಹೆಬ್ಬೆರಳು ಎಲ್ಲೂ ಅದ್ದಲಿಲ್ಲ. ಎರಡು ವರ್ಷದ ಹಿಂದೆ ಉಂಡ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದವನು ಇವನೇ ಎಂದು ತಾಯಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಅಡುಗೆಯವರು ಅವನನ್ನು ಕರೆದು ಕೂರಿಸಿ ತಾವೇ ಬಡಿಸಿದರು. ಎರಡನೇ ಹೋಳಿಗೆಗೆ ತುಪ್ಪ ಹಾಕುತ್ತ ಗುಟ್ಟಾಗಿ ಕೇಳಿದರು:

"ಯಾವ ಕಾಂಟ್ರಾಕ್ಟರ್ ಕಡೆಯೋನಪ್ಪ? ದಿನಕ್ಕೆ ಎಷ್ಟು ಕೊಡ್ತಾರೆ? ನಮ್ ಹತ್ರ ಬಾ, ಅದಕ್ಕಿಂತ ಜಾಸ್ತಿ ಕೊಡ್ತೀನಿ."

ಎಷ್ಟೆಂದು ಹುಡುಗ ಹೇಳಲಿಲ್ಲ. ಯಾವ ಟ್ರೈನಿಯೂ ಹೇಳುವುದಿಲ್ಲ. ಊಟ, ಯೂನಿಫಾರ್ಮ್ ಒಗೆತ ಹೋಟೆಲಿನದು, ಮೇಲೆ ಕೈಖರ್ಚಿಗೆ ಒಂದಿಷ್ಟು. ಆ ಒಂದಿಷ್ಟು ಪಿಜಿ ಬಾಡಿಗೆಗೆ ಸಾಲದು. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ಗೊತ್ತುಮಾಡಿದ್ದರು: ಸರ್ಕಾರದ್ದು 4,500, ಕಂಪನಿಯದು 500, ಹನ್ನೆರಡು ತಿಂಗಳು. ಈ ಸುದ್ದಿ ಬಂದ ದಿನ ಅಪ್ಪ ಪತ್ರಿಕೆ ಮಡಿಸಿಟ್ಟು ಲೆಕ್ಕ ಹಾಕಿದರು. ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ಇದ್ದರೆ ಒಂದು ಕ್ವಿಂಟಲ್ ಎಂದರೆ ಹತ್ತು ತಿಂಗಳ ಸ್ಟೈಪೆಂಡ್. "ಹತ್ತು ತಿಂಗಳು ನಗೋದಕ್ಕಿಂತ ಒಂದು ಕ್ವಿಂಟಲ್ ಸುಲಿಯೋದು ಸಲೀಸು" ಎಂದರು. ಅಡಿಕೆಗೆ ಕೊಳೆ ಬಂದ ವರ್ಷ ಈ ಲೆಕ್ಕವನ್ನು ಅವರು ಹಾಕುವುದಿಲ್ಲ.

ನ್ಯಾಮತಿಯವನು ಟೂರಿಸಂ ಓದಿದವನು, ಅವನದು ಚುಟುಕು. ಬೆಂಗಳೂರಿನ ಟ್ರಾವೆಲ್ ಏಜೆನ್ಸಿಯಲ್ಲಿ ಇಂಟರ್ನ್. ಬ್ಯಾಂಕಾಕಿನ ಯಾವ ಹೋಟೆಲಿನಿಂದ ಯಾವ ದ್ವೀಪಕ್ಕೆ ಎಷ್ಟು ಹೊತ್ತು ಎಂದು ಕಣ್ಣು ಮುಚ್ಚಿ ಹೇಳುತ್ತಾನೆ, ದಾವಣಗೆರೆಯಿಂದ ಆಚೆ ಅವನು ಸ್ವಂತ ಖರ್ಚಿನಲ್ಲಿ ನೋಡಿದ್ದು ಹರಿಹರ. ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರ ಅವನ ತಾಲ್ಲೂಕಿನದೇ. ಅದೇ ತಾಲ್ಲೂಕಿನ, ಸಂತ ಸೇವಾಲಾಲರ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯಲ್ಲಿ ಹಲವು ರಾಜ್ಯಗಳಿಂದ ಬಂಜಾರರು ಬಂದು ಸೇರುತ್ತಾರೆ. ಇವನು ಆ ವಾರ ಆಫೀಸಿನಲ್ಲಿ ಕೂತು ಜನರನ್ನು ಥಾಯ್ಲೆಂಡಿಗೆ ಕಳಿಸುತ್ತಿರುತ್ತಾನೆ.

ಚನ್ನಗಿರಿಯವನಿಗೂ ಒಮ್ಮೆ ಗೈಡ್ ಆಗುವ ಯೋಗ ಬಂತು. ಹೋಟೆಲಿನ ಸೀನಿಯರ್‌ಗಳು ನಾಲ್ವರು ಊರಿಗೆ ಬಂದರು. ಸಂತೇಬೆನ್ನೂರಿನ ಪುಷ್ಕರಣಿಗೆ ಕರೆದೊಯ್ದ. 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಕೊಳ, ನೀರ ನಡುವೆ ವಸಂತ ಮಂಟಪ, ಎದುರಿಗೆ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಪ್ರಯಾಣಿಕರು ತಂಗುವ ಮನೆ ಎಂದ ಕೂಡಲೇ ಫ್ರಂಟ್ ಆಫೀಸಿನವನು "ಚೆಕ್ ಔಟ್ ಟೈಮ್ ಎಷ್ಟಂತೆ?" ಎಂದ; ಹೌಸ್‌ಕೀಪಿಂಗಿನವಳು ಕಮಾನಿನ ಜೇಡರ ಬಲೆಗೆ ಬೆರಳು ತೋರಿಸಿದಳು. ಸಂಜೆ ಸೂಳೆಕೆರೆ. ಏರಿಯ ಮೇಲೆ ನಿಂತು ಕೆರೆಯ ಆಚೆ ದಡ ಕಾಣುವುದಿಲ್ಲ ಎಂದು ಹೆಮ್ಮೆಯಿಂದ ತೋರಿಸಿದವನು, ಹೆಸರಿನ ಅರ್ಥ ಕೇಳಿದಾಗ ತೊದಲಿದ. ಹತ್ತಿರ ಮೀನು ಹಿಡಿಯುತ್ತಿದ್ದವರೊಬ್ಬರು ಕೆರೆ ಕಟ್ಟಿಸಿದಳೆನ್ನುವ ಶಾಂತವ್ವನ ಕಥೆಯನ್ನು ಎಗ್ಗಿಲ್ಲದೆ, ಆ ರಾಜಕುಮಾರಿ ಯಾರಿಂದ ಜಾಗ ಕೇಳಿದಳು, ಅವರು ಏನು ಷರತ್ತು ಹಾಕಿದರು ಎಲ್ಲ ಸೇರಿಸಿ ಹೇಳಿ ಮುಗಿಸಿ, ಬೀಡಿ ಹಚ್ಚಿದರು. ಶಾಂತಿಸಾಗರ ಎಂಬ ಸರ್ಕಾರಿ ಹೆಸರು ಇದೆಯಲ್ಲ ಎಂದು ಹುಡುಗನಿಗೆ ನೆನಪಾದದ್ದು ವಾಪಸ್ ಬರುವಾಗ.

ಟ್ರೈನಿಂಗಿನ ಕೊನೆಯ ತಿಂಗಳು ಅವನನ್ನು ಫ್ರಂಟ್ ಆಫೀಸಿಗೆ ಹಾಕಿದ್ದರು. ಅಪ್ಪ ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಬಂದವರು, ಹೇಳದೆ ಕೇಳದೆ ಹೋಟೆಲಿಗೇ ಹೋದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಚಕ್ಕುಲಿ ತುಂಬಿದ, ಅಡಿಕೆ ಸೊಸೈಟಿ ತುಮ್ಕೋಸ್‌ನ ಚೀಲ. ಬಾಗಿಲಲ್ಲಿ ಚೀಲವನ್ನು ಮೆಷಿನ್ನಿನೊಳಗೆ ಕಳಿಸಿ ಚಕ್ಕುಲಿಯ ಎಕ್ಸ್‌ರೇ ತೆಗೆದರು. ಒಳಗೆ ಬಂದು ನಿಂತರೆ ಎದುರಿಗೆ ಕರಿ ಕೋಟಿನಲ್ಲಿ, ಕೈಕಟ್ಟಿ, ಮಗ. ಪಕ್ಕದಲ್ಲೇ ಮ್ಯಾನೇಜರ್. ಹತ್ತಡಿ ದೂರದಲ್ಲಿ ಮಗನ ಮುಖದಲ್ಲಿ ನಗು ಬಂತು. ಐದಡಿಗೆ ಬಂದಾಗ ಎರಡೂ ಕೈ ಮುಗಿದ.

"ನಮಸ್ಕಾರ ಸರ್. ವೆಲ್‌ಕಮ್ ಸರ್."

ಅಪ್ಪ ಒಂದು ಸಲ ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ಇದ್ದಾರೇನೋ ಎಂದು. ಆಮೇಲೆ ಟವೆಲ್ ಸರಿಮಾಡಿಕೊಂಡು ಹೋಗಿ ಸೋಫಾದ ಅಂಚಿನಲ್ಲಿ ಕೂತು ಒಂದು ಕಾಫಿ ಹೇಳಿದರು.

ಈಗಲೂ ಊರಿನ ಚಾ ಅಂಗಡಿಯಲ್ಲಿ ಆ ಬಿಲ್ಲು ತೋರಿಸುತ್ತಾರೆ. ಜೇಬಿನಲ್ಲಿಟ್ಟು ಇಟ್ಟು ಮಡಿಕೆ ಹರಿದಿದೆ. ಕಾಫಿಗೆ 400, ಜಿಎಸ್‌ಟಿ 72. "ನಾಲ್ಕುನೂರ ಎಪ್ಪತ್ತೆರಡು ರೂಪಾಯಿ ಕಾಫಿಗಲ್ರಪ್ಪಾ" ಎನ್ನುತ್ತಾರೆ ಚಾ ಲೋಟ ಕೆಳಗಿಟ್ಟು. "ಇಪ್ಪತ್ತೊಂದು ವರ್ಷ ಸಾಕೀನಿ, 'ಯಾಕೆ' ಅಂತ ಬಿಟ್ರೆ ಬೇರೆ ಮಾತಿಲ್ಲ. ಅವತ್ತು ಸರ್ ಅಂದ. ಎರಡು ಸಲ."

"ಏನ್ ಕೆಲ್ಸ ಅಂದ್ರಿ ಹುಡುಗಂದು?" ಎಂದು ಪಕ್ಕದವರು ಕೇಳುತ್ತಾರೆ.

"ಐಟಿ."